ಅವತ್ತು ನಾನಿಟ್ಟ ಕುಂಕುಮ

ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುವುದೆಂದರೆ ಆ ಕಾಲದಲ್ಲಿ ನನಗೆ ಬಲು ಜಂಬ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಂದು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ್ದೆ. ಊರಿನಲ್ಲಿ ಯಾವ ಸಭೆ ನಡೆದರೂ ಹೆಂಗಸರನ್ನು ಎದುರುಗೊಳ್ಳುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಓದಿದವಳು, ಹೊಸ ಮುತ್ತೈದೆ, ಮಾತಿಗೆ ಹಿಂಜರಿಯದವಳು ಎಂದು ಹೊಗಳಿ ಹೊಗಳಿ ಎಲ್ಲರೂ ನನ್ನ ತಲೆ ಕೆಡಿಸಿದ್ದರು. ಅದೇ ತಟ್ಟೆಯಿಂದ ಒಬ್ಬ ಹೆಣ್ಣುಮಗಳ ಬದುಕಿಗೆ ಬೀಗ ಹಾಕಿಬಿಡುವುದರಲ್ಲಿದ್ದೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನ ಮರ್ಯಾದೆಗೆ ಕುಂದು ಎಂದು ಸುಮ್ಮನಿದ್ದೆ. ಈ ವಯಸ್ಸಿನಲ್ಲಿ ಆ ಮರ್ಯಾದೆ ಇಟ್ಟುಕೊಂಡು ಏನು ಮಾಡಲಿ?

ಯುದ್ಧ ಮುಗಿದ ಮರುವರ್ಷದ ಮಾತು. ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು. ನನ್ನ ತವರು ಯಳಂದೂರು ಮೈಸೂರು ಮಹಾರಾಜರದು. ಗಾಡಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಬಿಸಿಲೇರುವ ಹೊತ್ತಿಗೆ ತಲುಪುವ ದೂರ, ಆದರೆ ಇಲ್ಲಿ ಜನರಾಡುವುದು ಕನ್ನಡ, ಕಚೇರಿಯ ಕಾಗದ ಇಂಗ್ಲಿಷು, ಕೊಯಮತ್ತೂರಿನಿಂದ ಬರುವ ಸಾಹೇಬರ ಮಾತು ತಮಿಳು. ದಂಡಿಗೆ ಹೋಗಿ ಬಂದವರಿಗೂ, ಮಡಿದವರ ಮನೆಯವರಿಗೂ ಊರಿನ ಪರವಾಗಿ ಕೃತಜ್ಞತೆ ಹೇಳಬೇಕೆಂದು ದೊಡ್ಡವರೆಲ್ಲ ಸೇರಿ ಸ್ಕೂಲಿನ ಮೈದಾನದಲ್ಲಿ ಚಪ್ಪರ ಹಾಕಿಸಿದ್ದರು. ಯಾರಿಗೆ ಯಾವ ಕುರ್ಚಿ, ಹಾರ ಯಾವ ಅಂಗಡಿಯದು ಎಂದು ವಾರಗಟ್ಟಲೆ ಚರ್ಚೆ ಮಾಡಿದ ಗಂಡಸರು, ಹೆಂಗಸರ ವಿಷಯಕ್ಕೆ ಬಂದಾಗ ಒಂದೇ ಸಾಲು ಬರೆದು ಕೈ ತೊಳೆದುಕೊಂಡಿದ್ದರು: ಬಂದ ಹೆಂಗಸರಿಗೆಲ್ಲ ಅರಿಸಿನ ಕುಂಕುಮ, ಹೂವು.

ಬರುವವರಲ್ಲಿ ಅರ್ಧಕ್ಕರ್ಧ ಗಂಡನನ್ನು ಕಳೆದುಕೊಂಡವರು. ಅದು ಒಬ್ಬರಿಗೂ ಹೊಳೆಯಲಿಲ್ಲ. ಅವರನ್ನು ಬೈಯುವ ಬಾಯಿ ನನಗಿದೆ, ಆದರೆ ನನಗೂ ಹೊಳೆಯಲಿಲ್ಲವಲ್ಲ! ಬೆಳಿಗ್ಗೆ ಎದ್ದು ಬೆಳ್ಳಿ ಪನ್ನೀರುದಾನಿ ತಿಕ್ಕಿ, ಮಲ್ಲಿಗೆ ಮೊಳ ಹಾಕಿ ಕತ್ತರಿಸಿ, ಕುಂಕುಮವನ್ನು ತಟ್ಟೆಯಲ್ಲಿ ಗೋಪುರದ ಹಾಗೆ ಒಟ್ಟಿಕೊಂಡು ಬಂದು ನಿಂತಿದ್ದೆ.

ಇದ್ದಿಲಿನಲ್ಲಿ ಓಡುವ ಹನೂರಿನ ಬಸ್ಸು ಹೊಗೆ ಕಾರುತ್ತಾ ಬಂದು ನಿಂತಿತು. ಮೊದಲು ಇಳಿದು ಬಂದವಳು ಸುಮಾರು ನನ್ನ ತಾಯಿಯ ವಯಸ್ಸಿನವಳು. ಬೋಳು ಹಣೆ, ಬರಿಯ ಕೈ. ನನ್ನ ಬೆರಳು ಆಗಲೇ ಕುಂಕುಮದಲ್ಲಿ ಅದ್ದಿ ಮೇಲೆದ್ದಿತ್ತು. ಅದು ಅಲ್ಲೇ ನಿಂತುಬಿಟ್ಟಿತು. ಮುಂದೆ ಹೋಗಲಾರದು, ಹಿಂದೆ ಬರಲಾರದು. ಆಕೆಯೇ ನನ್ನ ಮುಖ ನೋಡಿ ಕನಿಕರಪಟ್ಟಳು.

"ನಮ್ಗ್ಯಾಕವ್ವ ಅದೆಲ್ಲ" ಎಂದು ಪಕ್ಕಕ್ಕೆ ಸರಿದು ಒಳಗೆ ಹೋದಳು.

ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ. ಪಕ್ಕದಲ್ಲಿ ಪಟ್ಟಿ ಹಿಡಿದು ನಿಂತಿದ್ದ ತಾಲ್ಲೂಕು ಕಚೇರಿಯ ಗುಮಾಸ್ತನ ಮೇಲೆ ಹರಿಹಾಯ್ದೆ. ಅವನು ಗಡಿಬಿಡಿಯಿಂದ ಹೆಸರುಗಳ ಮುಂದೆ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿದ. "ಗೀಟಿರೋರಿಗೆ ಕುಂಕುಮ ಬ್ಯಾಡಿ ಅಮ್ಮಾವ್ರೆ, ಪನ್ನೀರು ಚಿಮುಕ್ಸಿ, ಕಲ್ಲುಸಕ್ರೆ ಕೊಡಿ, ಸಾಕು" ಎಂದ. ಹೀಗೆ ನಮ್ಮ ಕೃತಜ್ಞತೆ ಬಾಗಿಲಲ್ಲೇ ಎರಡು ಪಾಲಾಯಿತು. ಗೀಟಿನವರು ತಲೆ ತಗ್ಗಿಸಿ ಎಡಗಡೆ ಹೋದರು, ಗೀಟಿಲ್ಲದವರು ಹೂ ಮುಡಿದು ಬಲಗಡೆ ಹೋದರು.

ಆಗ ಬಂದರು ಮಧುವನಹಳ್ಳಿಯ ಅತ್ತೆ ಸೊಸೆ.

ಅತ್ತೆ ವಿಭೂತಿ ಧರಿಸಿದ ಗಟ್ಟಿ ಮುದುಕಿ. ಸೊಸೆ ನನ್ನ ಓರಗೆಯವಳು. ಹಣೆ ತುಂಬ ಕುಂಕುಮ, ಮೊಣಕೈವರೆಗೆ ಹಸಿರು ಬಳೆ, ಕಾಲುಂಗುರ. ನಾನು ಧೈರ್ಯವಾಗಿ ತಟ್ಟೆ ಚಾಚಿದೆ. ಗುಮಾಸ್ತ ಬಂದು ಅಡ್ಡ ನಿಂತ.

"ಬ್ಯಾಡಿ ಅಮ್ಮಾವ್ರೆ, ಗೀಟೈತೆ. ಇವರ ಯಜಮಾನರು ಸಿಂಗಪುರದಲ್ಲಿ ಸೆರೆ ಸಿಕ್ಕಿದ್ರು. ಕಾಣೆ ಆಗವ್ರೆ, ಸತ್ತಿರ್ಬೌದು ಅಂತ ಬರ್ದವ್ರೆ."

ಮುದುಕಿ ಸಿಡಿದಳು. "ಯಾರ್ಲಾ ಬರ್ದೋನು? ಕಾಣೆ ಆದೋನು ಸಿಕ್ತಾನೆ ಕಣ್ಲಾ! ನನ್ ಮಗ ಬದ್ಕವ್ನೆ. ಇಡವ್ವ, ನನ್ ಸೊಸೆಗೆ ಇಡು."

ಹಿಂದೆ ನಿಂತ ಸಾಲು ಕತ್ತು ಚಾಚಿತು. ಚಪ್ಪರದೊಳಗಿನವರೂ ತಿರುಗಿ ನೋಡಿದರು. ಈ ತಟ್ಟೆ ಅವಳನ್ನು ದಾಟಿ ಹೋದರೆ ಇಡೀ ತಾಲ್ಲೂಕಿನ ಎದುರು ಅವಳು ವಿಧವೆ. ನಿಂತರೆ ಮುತ್ತೈದೆ. ನಾನು ಅವಳ ಮುಖ ನೋಡಿದೆ. ಅವಳು ಕಂಡೂ ಕಾಣದ ಹಾಗೆ ತಲೆ ಅಲ್ಲಾಡಿಸಿದಳು. ಹೆದರಿದ್ದಾಳೆ, ಪಾಪ, ಎಂದುಕೊಂಡೆ. ನನ್ನೊಳಗೆ ರೋಷ ಉಕ್ಕಿತು. ಕೊಯಮತ್ತೂರಿನ ಕಾಗದ ಬರೆದು ಒರೆಸಲು ಇವಳ ಹಣೆ ಏನು ಸ್ಲೇಟೇ? ಗುಮಾಸ್ತನನ್ನು ಮೊಣಕೈಯಿಂದ ಸರಿಸಿ, ಅವಳ ಗಲ್ಲ ಹಿಡಿದೆತ್ತಿ, ಮೊದಲಿದ್ದ ಕುಂಕುಮದ ಮೇಲೇ ಕಾಸಗಲ ಇಟ್ಟೆ. ಎರಡು ಮೊಳ ಮಲ್ಲಿಗೆಯನ್ನೂ ಮುಡಿಸಿದೆ. ಮುದುಕಿ ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. ಸರ್ಕಾರವನ್ನೇ ಗೆದ್ದೆ ಎನ್ನಿಸಿತು ನನಗೆ.

ಸಭೆ ಶುರುವಾಗುವ ಮೊದಲು ಪನ್ನೀರುದಾನಿ ತುಂಬಿಸಲು ಚಪ್ಪರದ ಹಿಂದಿನ ನೀರಿನ ಗುಡಾಣದ ಬಳಿ ಹೋದೆ. ಅವಳು ಅಲ್ಲಿ ಕಾದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಯಾಕ್ ಇಟ್ರಿ ಅಮ್ಮಾವ್ರೆ? ಬ್ಯಾಡ ಅಂತ ತಲೆ ಆಡ್ಸ್ದೆನಲ್ಲ, ಕಾಣ್ನಿಲ್ವಾ?"

ಪನ್ನೀರುದಾನಿ ಕೆಳಗಿಟ್ಟೆ.

ಅವಳು ಗಡಗಡನೆ ಹೇಳಿದಳು. ಗಂಡ ಸತ್ತಿದ್ದಾನೆಂದು ಅವಳಿಗೆ ಗೊತ್ತು. ಅವನ ಜೊತೆಗೇ ದಂಡಿಗೆ ಸೇರಿ, ಜೊತೆಗೇ ಸೆರೆ ಸಿಕ್ಕಿದ್ದ ಮಾರ್ಟಳ್ಳಿ ಕಡೆಯ ಸ್ನೇಹಿತ ತಿರುಗಿ ಬಂದಿದ್ದ. ಬಂದವನು ಅವರ ಮನೆಗೂ ಹೋಗಿದ್ದ. ಮುದುಕಿ ಓಡಿ ಬಂದು ಕಾಲಿಗೆ ನೀರು ಕೊಟ್ಟು, ಜಗುಲಿ ಮೇಲೆ ಕೂರಿಸಿ ಮುದ್ದೆ ಬಡಿಸಿ, ನನ್ನ ಮಗ ಯಾವಾಗ ಬರುತ್ತಾನೆಂದು ಕೇಳಿದಾಗ ಅವನ ಬಾಯಿ ಕಟ್ಟಿಹೋಗಿ, ಬೇರೆ ಹಡಗಿನಲ್ಲಿ ಬರುತ್ತಾನೆ ಎಂದುಬಿಟ್ಟಿದ್ದ. ಅಂದಿನಿಂದ ಮುದುಕಿ ಆ ಹಡಗಿಗೇ ಕಾಯುತ್ತಿದ್ದಾಳೆ.

"ಅವತ್ತು ಮನೇಗ್ ಬಂದೋರ ಮೊಕ ನೋಡ್ದೇಟ್ಗೆ ನಂಗೆ ಗೊತ್ತಾಯ್ತು" ಎಂದಳು. "ನಮ್ಮಣ್ಣ ಓಗಿ ಕೇಳ್ದಾಗ ನಿಜ ಏಳವ್ರೆ. ಇವತ್ತು ಸಭೇಲಿ ಎಲ್ಲಾರ್ ಮುಂದೆ ಏಳ್ತೀನಿ ಅಂತ ಮಾತ್ ಕೊಟ್ಟವ್ರೆ. ಅಗೋ, ಹುಣಸೇಮರದಡಿ ನಮ್ಮಣ್ಣ ನಿಂತವ್ನೆ. ಪಕ್ಕದಲ್ಲಿರೋರು ಗಂಡಿನ ಕಡೆಯೋರು."

ನಮ್ಮ ಕಡೆ ಗಂಡ ಸತ್ತವಳಿಗೆ ಸೀರೆ ಕೊಟ್ಟು ಮತ್ತೊಬ್ಬನ ಮನೆ ತುಂಬಿಸುವ ಉಡಿಕೆ ಪದ್ಧತಿ ಉಂಟು. ಆದರೆ ಗಂಡ ಸತ್ತಿರಬೇಕು. ಬದುಕಿದ್ದಾನೆಂಬ ಹಡಗು ಸಮುದ್ರದಲ್ಲಿರುವವರೆಗೆ ಅವಳಿಗೆ ಬಿಡುಗಡೆಯಿಲ್ಲ. ಇವತ್ತು ತೀರ್ಮಾನವಾಗದಿದ್ದರೆ ಗಂಡಿನ ಕಡೆಯವರು ಬೇರೆ ಹೆಣ್ಣು ನೋಡುತ್ತಾರೆ.

"ಮೂರು ತಿಂಗಳು ಸಂಸಾರ ಮಾಡಿವ್ನಿ, ಆರೊರ್ಸ ಕುಂಕುಮ ಇಟ್ಟಿವ್ನಿ" ಎಂದಳು. "ಅತ್ತೆ ಕೆಟ್ಟೋಳಲ್ಲ ಅಮ್ಮಾವ್ರೆ. ನನ್ ಅಣೆ ನೋಡ್ಕಂಡೇ ಅವ್ರು ಬದುಕ್ತಾವ್ರೆ. ನಾನ್ ಒರೆಸ್ಕಂಡ್ರೆ ಅವರ ಮಗನ್ನ ನಾನೇ ಸಾಯಿಸ್ದಂಗೆ. ಈಗ ನೀವ್ ಬ್ಯಾರೆ ಇಟ್ಬುಟ್ರಿ. ಇದ ನೋಡಿ ಮಾತ್ ಕೊಟ್ಟೋರು ಬಾಯ್ ಬುಟ್ಟಾರಾ?"

ಅಳಬೇಕೆನ್ನಿಸಿತು, ಅದಕ್ಕೂ ನನಗೆ ಹಕ್ಕಿಲ್ಲವೆನ್ನಿಸಿತು.

ಸಭೆ ಶುರುವಾಯಿತು. ಸಾಹೇಬರು ತಮಿಳಿನಲ್ಲಿ ಮಾತಾಡಿದರು, ವಕೀಲರೊಬ್ಬರು ಅದನ್ನು ಕನ್ನಡಕ್ಕೆ ತಿರುಗಿಸಿದರು. ತ್ಯಾಗ ಎಂಬ ಮಾತು ಎಷ್ಟು ಸಲ ಬಂತೋ! ಒಂದಕ್ಷರವೂ ನನ್ನ ಕಿವಿಗೆ ಹೋಗಲಿಲ್ಲ. ಒಬ್ಬೊಬ್ಬ ಸಿಪಾಯಿಯನ್ನೂ ಕರೆದು ಹಾರ ಹಾಕುತ್ತಿದ್ದರು. ಒಬ್ಬನಿಗೆ ಒಂದು ಕಾಲಿರಲಿಲ್ಲ. ಇನ್ನೊಬ್ಬ ಚಪ್ಪಾಳೆಯ ಸದ್ದಿಗೆ ಬೆಚ್ಚಿಬೀಳುತ್ತಿದ್ದ. ಮುದುಕಿ ಬಲಗಡೆಯ ಮೊದಲ ಸಾಲಿನಲ್ಲಿ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಗಾಗ ಅವಳ ಹಣೆಯನ್ನು ತಿರುಗಿ ನೋಡುತ್ತಿದ್ದಳು.

ಮಾರ್ಟಳ್ಳಿ ಕಡೆಯವನ ಸರದಿ ಬಂತು. ಎಲುಬಿಗೆ ಚರ್ಮ ಅಂಟಿಸಿದಂತಿದ್ದ. ಅವನಿಗೂ ಹಾರ ಹಾಕಿ ಎರಡು ಮಾತಾಡು ಎಂದರು. ಎದ್ದು ನಿಂತ. ಸಭೆಯ ಮೇಲೆ ಕಣ್ಣಾಡಿಸಿ ಅವಳನ್ನು ಹುಡುಕಿದ. ಕಂಡಳು. ನಾನಿಟ್ಟ ಕಾಸಗಲದ ಕುಂಕುಮವೂ ಕಂಡಿತು.

"ಎಲ್ಲಾರ್ಗೂ ನಮಸ್ಕಾರ" ಎಂದ. "ನನ್ ಜೊತೇಲಿ ಒಬ್ಬ..."

ಅಷ್ಟೇ. ಮುಂದೆ ಮಾತು ಬರಲಿಲ್ಲ. ಎಲ್ಲರೂ ಕಾದರು. ಹುಣಸೇಮರದಡಿಯ ಗಂಡಸರಲ್ಲಿ ಒಬ್ಬ ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ. ಅವಳು ತಲೆ ತಗ್ಗಿಸಿಬಿಟ್ಟಳು. ಅವನು ಇನ್ನೇನು ಕುರ್ಚಿಗೆ ಕೂರುವವನೇ.

ಪನ್ನೀರುದಾನಿ ಹಿಡಿದು ಸರಸರನೆ ವೇದಿಕೆ ಹತ್ತಿದೆ. ತಹಸೀಲ್ದಾರರು ಹುಬ್ಬು ಗಂಟಿಕ್ಕಿದರು. ಪನ್ನೀರು ಚಿಮುಕಿಸುವ ನೆವದಲ್ಲಿ ಅವನ ಹತ್ತಿರ ಬಾಗಿ, "ಆ ಕುಂಕುಮ ತಿಳೀದೆ ನಾನಿಟ್ಟದ್ದು. ಅವಳು ಬೇಡವೆಂದಳು. ನಿಮ್ಮ ಮಾತಿಗೇ ಕಾಯ್ತಾ ಇದ್ದಾಳೆ, ಹೇಳಿಬಿಡಿ" ಎಂದೆ.

"ಆ ಮುದುಕಿ ಮೊಕ ನೋಡಿ ಎಂಗಮ್ಮ ಏಳ್ಲಿ?" ಎಂದ ಅವನು. "ಬಾಂಬಿಗೂ ಇಷ್ಟು ಎದ್ರಿರ್ನಿಲ್ಲ."

ಅವನು ಹಾರ ತೆಗೆದು ಕುರ್ಚಿಯ ಮೇಲಿಟ್ಟು, ವೇದಿಕೆ ಇಳಿದು, ಹೆಂಗಸರ ಸಾಲಿಗೆ ನಡೆದು ಮುದುಕಿಯ ಮುಂದೆ ನೆಲದಲ್ಲಿ ಕೂತ.

"ಬಂದ್ಯಾ ಮಗ" ಎಂದಳು ಮುದುಕಿ. "ನಮ್ಮೋನು ಯಾವಾಗ ಬತ್ತಾನ್ಲಾ?"

"ಬರಾಕಿಲ್ಲ ಅವ್ವ."

ಅವನು ತಲೆಯೆತ್ತದೆ ಮುಂದುವರಿಸಿದ.

"ಅವತ್ತು ನಿಮ್ಮನೇಲಿ ಉಂಡ್ಬುಟ್ಟು ಸುಳ್ಳೇಳ್ದೆ. ಅವನು ಯಾವ ಹಡಗ್ನಲ್ಲೂ ಬರಾಕಿಲ್ಲ. ಜಪಾನ್ನೋರು ನಮ್ಮನ್ನ ಒಂದು ದ್ವೀಪಕ್ಕೆ ಸಾಗ್ಸಿದ್ರು. ಅಲ್ಲಿ ಜ್ವರ ಬಂದು, ನನ್ ಪಕ್ದಲ್ಲೇ ಓದ."

ಮುದುಕಿ ಅಳಲಿಲ್ಲ. "ಮಣ್ಣ್ ಮಾಡುದ್ರಾ, ಇಲ್ಲ ಅಂಗೇ ಬುಟ್ರಾ?" ಎಂದಳು.

"ಮಾಡ್ದೆ ಅವ್ವ. ಗುದ್ಲಿ ಕೊಡ್ನಿಲ್ಲ ಅವ್ರು. ತಗಡಿನ ಚೂರಲ್ಲಿ, ಕೈಯಲ್ಲಿ ತೋಡ್ದೆ. ನಿಮ್ ಪದ್ಧತಿ ನಂಗೊತ್ತಿರ್ನಿಲ್ಲ. ಸಾಯೋಕ್ ಮುಂಚೆ ಅವನೇ ಏಳ್ಕೊಟ್ಟ. ಅಂಗೇ ಕೂರ್ಸಿ, ಅವನ ಕೊರಳ ಲಿಂಗವ ಅವನ ಅಂಗೈಲಿ ಮಡಗ್ದೆ. ಈಬೂತಿ ಇರ್ನಿಲ್ಲ. ಒಲೆ ಬೂದಿ ಇಟ್ಟೆ."

"ಮಣ್ಣಾಕ್ದೋರು ಯಾರು?"

"ನಾನೊಬ್ನೇ ಅವ್ವ. ಮೂರಿಡಿ ಆಕ್ದೆ. ಒಂದು ನಿಮ್ ಎಸರೇಳಿ, ಒಂದು ಅವನ್ ಎಂಡ್ತಿ ಎಸರೇಳಿ, ಇನ್ನೊಂದು ನಂದು."

ಮುದುಕಿ ಅವನ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬಲಗೈಯ ಎರಡು ಉಗುರು ಮತ್ತೆ ಬೆಳೆದಿರಲೇ ಇಲ್ಲ. ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು. ಆಗ ಅತ್ತಳು. ಅವನೂ ಅತ್ತ. ವೇದಿಕೆಯ ಮೇಲೆ ಸಾಹೇಬರು ಎದ್ದು ನಿಂತರು. ಯಾರೂ ಅವರಿಗೆ ಅರ್ಥ ಹೇಳಬೇಕಾಗಲಿಲ್ಲ.

ಅತ್ತು ಮುಗಿದ ಮೇಲೆ ಮುದುಕಿ ಸೊಸೆಯನ್ನು ಹತ್ತಿರ ಎಳೆದುಕೊಂಡು ತನ್ನ ಸೆರಗಿನಿಂದ ಅವಳ ಹಣೆ ಒರೆಸಿದಳು. ನಾನಿಟ್ಟದ್ದು ದೊಡ್ಡದಾಗಿತ್ತು, ಒಂದೇ ಸಲಕ್ಕೆ ಹೋಗಲಿಲ್ಲ. ಮೂರು ಸಲ ಒರೆಸಬೇಕಾಯಿತು. ನಾನು ಅಲ್ಲೇ ನಿಂತು ನೋಡಿದೆ. ನೋಡಲೇಬೇಕಾಗಿತ್ತು.

"ನಿಮ್ಮಣ್ಣನ ಕರಿ" ಎಂದಳು ಸೊಸೆಗೆ. ಹುಣಸೇಮರದಡಿಯವರು ಯಾಕೆ ಬಂದಿದ್ದಾರೆಂದು ಅವಳಿಗೂ ತಿಳಿದಿತ್ತೇನೋ. ಅವನು ಅಳುಕುತ್ತ ಬಂದ. "ಮಗನ ಆಲುತುಪ್ಪದ ಕಾರ್ಯ ಮುಗೀಲಿ ಕಣಪ್ಪ. ಆಮೇಲೆ ನಾನೇ ಸೀರೆ ಕೊಟ್ಟು ಕಳುಸ್ತೀನಿ. ನನ್ ಮಗಳಿವಳು, ಕಾದಿದ್ದು ಸಾಕು."

ಆಮೇಲೆ ಎದ್ದು ನಿಂತು ಸಿಪಾಯಿಯ ತೋಳು ಹಿಡಿದಳು. ನಮ್ಮಲ್ಲಿ ಮಣ್ಣಿಗೆ ಹೋದವರು ಸತ್ತವರ ಮನೆಗೆ ಬಂದು ಹಚ್ಚಿಟ್ಟ ದೀಪ ನೋಡಿಕೊಂಡೇ ತಮ್ಮ ಮನೆಗೆ ಹೋಗಬೇಕು.

"ಮಣ್ಣಾಕ್ದೋನು ನೀನು, ದೀಪ ನೋಡ್ದೆ ಇಷ್ಟೊರ್ಸ ತಿರುಗ್ದೆಲ್ಲೋ ಮಗ" ಎಂದಳು. "ಬಾ, ಮನೇಗ್ ಓಗದ."

ವಂದನಾರ್ಪಣೆಗೆ ಮೊದಲೇ ಅವರು ಹೊರಟರು. ಯಾರೂ ಕರೆಯದಿದ್ದರೂ ನಾನೂ ಹಿಂದೆ ನಡೆದೆ. ಮಧುವನಹಳ್ಳಿ ಸೇರಿದಾಗ ದನ ಮನೆಗೆ ಬರುವ ಹೊತ್ತು. ಅವನು ಜಗುಲಿಯ ಬಳಿ ನಿಂತು, ಬೇರೆ ಜಾತಿಯವನಾದ್ದರಿಂದ ಒಳಗೆ ಬರಲು ಹಿಂಜರಿದ. ಮುದುಕಿ ಕೈ ಬಿಡದೆ ನಡುಮನೆಗೆ ಎಳೆದುಕೊಂಡು ಹೋದಳು. ಸೊಸೆ ನೆಲ ಸಾರಿಸಿ ದೀಪ ಹಚ್ಚಿಟ್ಟಳು.

ಅವನು ದೀಪದ ಮುಂದೆ ಎದೆ ಸೆಟೆಸಿ, ಎರಡೂ ಕೈ ಪಕ್ಕಕ್ಕೆ ಬಿಗಿಹಿಡಿದು, ಕವಾಯತಿನಲ್ಲಿ ನಿಂತಂತೆ ನಿಂತುಬಿಟ್ಟ. ಹಾಗೆ ನಿಂತಿದ್ದೇನೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ. ಎಷ್ಟು ಹೊತ್ತಾದರೂ ಕದಲಲಿಲ್ಲ. ಕಡೆಗೆ ಮುದುಕಿಯೇ ಚಾಪೆ ಹಾಸಿ, ಅವನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದಳು.

"ಕೂತ್ಕ ಮಗ" ಎಂದಳು. "ನಿಂತಿದ್ದು ಸಾಕು."