ಸಹಿಯ ಜಾಗದಲ್ಲೊಂದು ಹೆಬ್ಬೆಟ್ಟು

ದೆವ್ವ, ಶಕುನ ಎಂದರೆ ನಗುತ್ತಿದ್ದವಳು ನಾನು. ಈಗ ನಂಬುತ್ತೇನೆ ಎಂದೇನೂ ಹೇಳುತ್ತಿಲ್ಲ. ಹೆಬ್ಬೆಟ್ಟು ಒತ್ತುವವರ ಮನೆಯಲ್ಲಿ ಹುಟ್ಟಿ ಇಂಜಿನಿಯರಿಂಗ್ ಮುಗಿಸಿದ ಮೊದಲನೆಯವಳು. ಕಂಡದ್ದನ್ನು ಅಳೆದು ನೋಡುವುದೇ ನನ್ನ ಕಸುಬು. ಇದೊಂದನ್ನು ಮಾತ್ರ ಅಳೆಯಲಾಗಲಿಲ್ಲ.

ರಿಸೆಷನ್ನಿನ ವರ್ಷ. ಡೆಟ್ರಾಯಿಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನಾನು ಸಣ್ಣ ತಂಡದ ಲೀಡ್. ಗಂಡನ ಕೆಲಸ ಆಗಲೇ ಹೋಗಿತ್ತು. ಒಂದು ಶುಕ್ರವಾರ ನಮ್ಮ ಮ್ಯಾನೇಜರ್, ಮೈಸೂರಿನ ಸುರೇಶ್, ಒಂದು ವರದಿ ಮುಂದಿಟ್ಟರು. ನನ್ನ ತಂಡದ ಹಿರಿಯರಾದ ಧಾರವಾಡದ ಪಾಟೀಲ ಅಂಕಲ್ ಕೆಲಸಕ್ಕೆ ಬಾರದವರು ಎಂದು ಅದರಲ್ಲಿತ್ತು. ಶುದ್ಧ ಸುಳ್ಳು. ನನಗೆ ಕೆಲಸ ಕಲಿಸಿದವರೇ ಅವರು.

"ಸೋಮವಾರ ಸೈನ್ ಮಾಡ್ಬಿಡಿ. ಇಲ್ಲಾಂದ್ರೆ ಅವ್ರ ಬದ್ಲು ಲೇಆಫ್ ಲಿಸ್ಟಿಗೆ ನಿಮ್ಮ ಹೆಸ್ರು ಹಾಕ್ಬೇಕಾಗುತ್ತೆ. ನಂಗೇನ್ ಖುಷೀನಾ?" ಎಂದರು.

ಶನಿವಾರ ಮಗಳ ಶಾಲೆಯ ಪ್ರಾಜೆಕ್ಟಿಗೆಂದು ಡೆಟ್ರಾಯಿಟ್‌ನ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿ ಎಂಟುನೂರು ವರ್ಷ ಹಳೆಯ, ಬಿಷಪ್ ಒಬ್ಬ ಬರೆಸಿದ ಪತ್ರವಿತ್ತು. ರಾಜನಿಗೂ ಚರ್ಚಿಗೂ ಅಧಿಕಾರದ ಜಗಳ. ತನಗಾಗದ ಮಠಾಧಿಪತಿಯೊಬ್ಬನನ್ನು ದ್ರೋಹಿಯೆಂದು ಸಾರುವ ಕಾಗದಕ್ಕೆ ಮುದ್ರೆ ಒತ್ತು ಎಂದು ರಾಜ ಹೇಳಿದ. ಬಿಷಪ್ ಒತ್ತಲಿಲ್ಲ. ಒಲ್ಲೆ ಎಂದು ಬರೆಸಿದ ಈ ಪತ್ರಕ್ಕೆ ಮಾತ್ರ ಒತ್ತಿದ. ಪೀಠ ಹೋಯಿತು, ಮೂರು ವರ್ಷ ಸೆರೆಯೂ ಆಯಿತು. ಮುದ್ರೆಯ ಹಿಂಬದಿಯ ಮೇಣದಲ್ಲಿ ಅವನ ಹೆಬ್ಬೆರಳಿನ ಗುರುತು ಹಾಗೇ ಉಳಿದಿತ್ತು.

"ಸೋ, ಹೀ ಗಾಟ್ ಫೈರ್ಡ್?" ಎಂದಳು ಮಗಳು.

"ಹೂಂ. ಪೆದ್ದ," ಎಂದೆ. ಸಹಿ ಹಾಕುವುದೆಂದು ನಾನು ಆಗಲೇ ತೀರ್ಮಾನಿಸಿದ್ದೆ.

ಸೋಮವಾರ ಮಧ್ಯಾಹ್ನ ಸುರೇಶ್ ಎದುರಿಗೇ ಕುಳಿತಿದ್ದರು. ಪೆನ್ನು ಹಿಡಿದು ಕಾಗದದ ಮೇಲೆ ಕೈಯೂರಿದೆ. ಬಿಸಿ ಬಾಣಲೆ ಮುಟ್ಟಿದ ಹಾಗೆ ಹೆಬ್ಬೆರಳು ಚುರ್ ಎಂದಿತು. ಕೈ ಎತ್ತಿದರೆ ಸಹಿಯ ಜಾಗದಲ್ಲಿ ಕಂದುಗೆಂಪು ಹೆಬ್ಬೆಟ್ಟು. ಉಗುರಿನಿಂದ ಕೆರೆದೆ, ಮೇಣ. ನನ್ನ ಬೆರಳಿಗೆ ಏನೂ ಅಂಟಿರಲಿಲ್ಲ.

"ಏನ್ರೀ, ಕೆಚಪ್ ಬಿತ್ತಾ? ಇರಿ, ಇನ್ನೊಂದ್ ಪ್ರಿಂಟ್ ತರ್ತೀನಿ," ಎಂದು ಸುರೇಶ್ ಎದ್ದರು.

"ಬೇಡ ಸುರೇಶ್. ನಾನ್ ಸೈನ್ ಮಾಡಲ್ಲ. ಇದು ಸುಳ್ಳು ಅಂತ ಬೇಕಾದ್ರೆ ಬರ್ಕೊಡ್ತೀನಿ."

ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದೆ. ಆ ವಾರವೇ ನನ್ನ ಕೆಲಸ ಹೋಯಿತು. ತಿಂಗಳೊಳಗೆ ಪಾಟೀಲ ಅಂಕಲ್ ಕೆಲಸವೂ ಹೋಯಿತು, ಆದರೆ ಕೆಲಸಕ್ಕೆ ಬಾರದವರೆಂಬ ಹಣೆಪಟ್ಟಿ ಇಲ್ಲದೆ. "ಹುಚ್ಚಿ ಅದಿ ನೋಡವ್ವಾ ನೀ! ನಿನ್ನ ಅನ್ನಕ್ಕ ನೀನ ಕಲ್ಲ ಹಾಕ್ಕೊಂಡಿ," ಎಂದು ಅಂಕಲ್ ಬೈದರು. ಇನ್ನೊಂದು ರಾಜ್ಯದ ಇಟಾಸ್ಕಾ ಎಂಬ ಊರಿನಲ್ಲಿ ನನಗೆ ಮತ್ತೆ ಕೆಲಸ ಸಿಗಲು ಒಂಬತ್ತು ತಿಂಗಳು ಹಿಡಿಯಿತು.

ಆ ಕಾಗದ ಈಗಲೂ ನನ್ನ ಬಳಿ ಇದೆ. ಭೂತಗನ್ನಡಿ ಹಿಡಿದು ನನ್ನ ಬೆರಳಿನ ಗೆರೆಗಳೊಡನೆ ಹೋಲಿಸಿದ್ದೇನೆ, ಹೊಂದುವುದಿಲ್ಲ. ಗಂಡ ಲಿಪ್‌ಸ್ಟಿಕ್ ಎನ್ನುತ್ತಾರೆ. ನಾನು ಜನ್ಮದಲ್ಲಿ ಲಿಪ್‌ಸ್ಟಿಕ್ ಹಚ್ಚಿದವಳಲ್ಲ. ಅದು ಹೇಗೆ ಬಂತೋ ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಂಬುವುದೂ ಇಲ್ಲ. ಕೇಳಿದವರು, ಬಿಷಪ್ಪನೇ ನಿನ್ನನ್ನು ತಡೆದ ಎನ್ನುತ್ತಾರೆ. ಅದನ್ನು ಮಾತ್ರ ಒಪ್ಪಲಾರೆ. ಸುರೇಶ್ ಇನ್ನೊಂದು ಪ್ರತಿ ತರಲು ಹೊರಟಿದ್ದರು, ಪೆನ್ನು ನನ್ನ ಕೈಯಲ್ಲೇ ಇತ್ತು, ಬೆರಳಿನ ಉರಿಯೂ ಆರಿತ್ತು. ಬೇಡ ಎಂದವಳು ನಾನು.