ರಿವ್ಯೂಗೆ ಕರೆದ ಮುಯ್ಯಾಳು

ಹಳಿಯಾಳದ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಬೇರೆಯವರು ಬರೆದ ಕಂಪ್ಯೂಟರ್ ಕೋಡ್ ಓದುವ ಕೆಲಸ ಹೇಗೆ ಕೊರಳಿಗೆ ಸುತ್ತಿಕೊಂಡಿತೋ, ನೆನೆದರೇ ಆಕಳಿಕೆ ಬರುತ್ತದೆ. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಫೈಲುಗಳನ್ನು ಯುನಿಕೋಡಿಗೆ ಬದಲಿಸುವ ಒಂದು ಸಣ್ಣ ತಂತ್ರಾಂಶ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಅಂತರ್ಜಾಲದಲ್ಲಿ ಬಿಟ್ಟಿದ್ದೆ. ಜನ ನಿಜವಾಗಿಯೂ ತಿದ್ದತೊಡಗಿದರು. ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಒಬ್ಬರು ಕಳಿಸಿದ ತಿದ್ದುಪಡಿಯನ್ನು ಇನ್ನೊಬ್ಬರು ಸಾಲುಸಾಲಾಗಿ ಓದಿ, ಸರಿ ಇದೆ ಎಂದ ಮೇಲೆಯೇ ಸೇರಿಸಬೇಕು. ಅದಕ್ಕೆ ರಿವ್ಯೂ ಅನ್ನುತ್ತಾರೆ. ಆ ಇನ್ನೊಬ್ಬರು ಎಂದರೆ ಯಾವಾಗಲೂ ನಾನೇ.

ಗಿರಾಕಿಯ ಆಧಾರ್ ಕಾರ್ಡಿನ ಒಂದು ಬದಿ ಝೆರಾಕ್ಸ್ ಆಗುವಷ್ಟರಲ್ಲಿ ನಾಲ್ಕು ಸಾಲು ಓದುತ್ತಿದ್ದೆ. ಇನ್ನೊಂದು ಬದಿ ತಿರುಗಿಸುವಷ್ಟರಲ್ಲಿ ಓದಿದ್ದು ಮರೆಯುತ್ತಿತ್ತು. ಜೊಯಿಡಾದ ಕಚೇರಿಯೊಂದರ ಗುಮಾಸ್ತರು ಫೋನ್ ಮಾಡಿ, ತಮ್ಮ ತಿದ್ದುಪಡಿ ಕಳಿಸಿದ್ದು ಮಳೆಗಾಲಕ್ಕೆ ಮೊದಲು, ಈಗ ದೀಪಾವಳಿ ಬಂತು ಎಂದು ಮೆಲ್ಲಗೆ ನೆನಪಿಸಿದರು. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಾಯಿತು.

ಕೊನೆಗೆ, ಆಗಾಗ ತಿದ್ದುಪಡಿ ಕಳಿಸುತ್ತಿದ್ದ ಮಳಗಿಯ ಒಬ್ಬ ಶಿಕ್ಷಕಿ ಮುಂದೆ ಬಂದರು. ಮುಂಡಗೋಡ ಕಡೆ ನಾಟಿಯ ಹೊತ್ತಿಗೆ ನಡೆಯುವ ಮುಯ್ಯಾಳಿನ ಪದ್ಧತಿಯನ್ನೇ ಹಿಡಿಯೋಣ ಎಂದರು: ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು, ಕೂಲಿಯ ಮಾತಿಲ್ಲ. ಅವರ ತಿದ್ದುಪಡಿಗಳನ್ನು ನಾನು ಓದುವುದು, ನನ್ನ ಪಾಲಿಗೆ ಬಂದದ್ದರಲ್ಲಿ ಅರ್ಧ ಅವರು ಓದುವುದು. ಮೊದಲ ವಾರವೇ ಗುಮಾಸ್ತರದ್ದನ್ನು ಓದಿ ಒಪ್ಪಿದರು.

ನಾನು ಸುಮ್ಮನಿರಬೇಕಿತ್ತಲ್ಲ! ಅದನ್ನೇ ಮತ್ತೆ ಮೊದಲಿನಿಂದ ಓದಿದೆ. ಎರಡು ಸಾಲು ಮೇಲೆ ಕೆಳಗೆ ಮಾಡಿದೆ, ಆಮೇಲೆ ಸೇರಿಸಿದೆ. ಮುಂದಿನದಕ್ಕೂ ಅದೇ ಹಾಡು. ಕೆಲಸ ಅರ್ಧವಾಗುವ ಬದಲು ಇಬ್ಬರಿಗೂ ಪೂರ್ತಿ ಬಿತ್ತು. ಒಂದು ದಿನ ಅವರು, ಇನ್ನು ನನ್ನಿಂದ ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಬರೆದುಬಿಟ್ಟರು.

ಮನೆಯಲ್ಲಿ ಹೆಂಡತಿಯ ಮುಂದೆ ಗೊಣಗಿದೆ. ಅವಳು ಗದ್ದೆಯ ಮನೆಯವಳು. ಅಕ್ಕಿ ಆರಿಸುತ್ತಲೇ ಕೇಳಿದಳು: “ಮುಯ್ಯಾಳಿಗೆ ಬಂದಾಕಿ ಹಚ್ಚಿದ ಸಸಿ ಕಿತ್ತು, ಮತ್ತ ನೀವ ಹಚ್ಚಿದ್ರ, ಆಕಿ ನಾಳೆ ಯಾಕ ಬರ್ತಾಳ್ರಿ?”

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ಶಿಕ್ಷಕಿ ಮರಳಿ ಬರದಿದ್ದರೆ ತಂತ್ರಾಂಶವನ್ನೇ ಮುಚ್ಚಬೇಕಿತ್ತು. ಒಬ್ಬನೇ ಎಳೆಯುವಷ್ಟು ಜೀವ ನನ್ನಲ್ಲಿ ಉಳಿದಿರಲಿಲ್ಲ. ಆ ವಾರ ನಾನೇ ಒಂದು ತಿದ್ದುಪಡಿ ಬರೆದಿದ್ದೆ. ನನ್ನ ಕೋಡನ್ನು ಯಾರಿಗೂ ತೋರಿಸಿ ಗೊತ್ತಿಲ್ಲ, ಯಜಮಾನನಲ್ಲವೇ. ಮೊದಲ ಸಲ ಅದನ್ನು ಅವರಿಗೆ ಕಳಿಸಿ, ನೀವು ಒಪ್ಪುವ ತನಕ ಸೇರಿಸುವುದಿಲ್ಲ ಎಂದು ಬರೆದೆ.

ಮೂರು ದಿನವಾಯಿತು. ಎಂಟು ದಿನವಾಯಿತು. ಒಂದು ಗುಂಡಿ ಒತ್ತಿದರೆ ನಾನೇ ಸೇರಿಸಿಬಿಡಬಹುದಿತ್ತು; ಎರಡು ಸಲ ಕೈ ಅಲ್ಲಿಯವರೆಗೆ ಹೋಗಿ ಬಂತು. ಗುಮಾಸ್ತರು ದೀಪಾವಳಿಯ ತನಕ ಹೇಗೆ ಕಾದರೋ, ದೇವರೇ ಬಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಉತ್ತರ ಬಂತು: “ಸರ್, ಇದು ಮೂಲ ಫೈಲಿನ ಮ್ಯಾಲೇ ಬರಿಯಾಕತ್ತೈತಿ. ನಡುವ ಕರೆಂಟ್ ಹೋದ್ರ ಹಳೇದೂ ಇಲ್ಲ, ಹೊಸಾದೂ ಇಲ್ಲ. ಒಪ್ಪೂದಿಲ್ರಿ. ತಿದ್ದಿ ಕಳಸ್ರಿ.”

ಜೊಯಿಡಾದಲ್ಲಿ ಕರೆಂಟ್ ಹೇಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲದ್ದಲ್ಲ. ಆ ಗುಂಡಿ ಒತ್ತಿದ್ದರೆ ಆ ಗುಮಾಸ್ತರ ಫೈಲುಗಳನ್ನು ನಾನೇ ಅಳಿಸಿಹಾಕುತ್ತಿದ್ದೆ. ನನ್ನ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಬಿದ್ದಿತ್ತು. ಆಮೇಲೆ ಉತ್ತರವನ್ನು ಇನ್ನೊಮ್ಮೆ ಓದಿದೆ. ತಿದ್ದುವುದು ಸಂಜೆಗೆ ಇರಲಿ ಎಂದುಕೊಂಡು, ಅಂಗಡಿಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ, ಎಷ್ಟೋ ವರ್ಷಗಳ ಮೇಲೆ ಹಗಲು ಹೊತ್ತಿನಲ್ಲಿ ನಿದ್ದೆ ಹೋದೆ.