ಗಡ್ಡದ ಹರಕೆಯೂ ಮೇಡಂ ಕ್ಯಾಮೆರಾವೂ

ಸ್ವಂತ ಮನೆ ಆಗುವವರೆಗೆ ಗಡ್ಡ ತೆಗೆಯುವುದಿಲ್ಲ, ಆದ ಮೇಲೆ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದೆ. ಆಗ ವಿಜಯನಗರದಲ್ಲಿ ಬಾಡಿಗೆಗಿದ್ದೆವು. ಬಾಡಿಗೆ ಮನೆಗಳಲ್ಲಿರುವವರಿಗೆ ವರ್ಷ ಕಳೆದಂತೆ ವಯಸ್ಸಾಗುವುದರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ಮೇಡಂ ಒಬ್ಬರು ಕೆಲವು ವರ್ಷಕ್ಕೊಮ್ಮೆ ಬಂದು ನಮ್ಮನ್ನು ಚಿತ್ರೀಕರಿಸುತ್ತಿದ್ದರು.

ಕೆಂಗೇರಿಯಲ್ಲಿ ಸ್ವಂತ ಮನೆಯ ಗೃಹಪ್ರವೇಶ ಆದದ್ದೇ ತಡ, ಅವರ ಫೋನು ಬಂತು. "ಅಂಕಲ್, ನಾನು ಬರೋವರ್ಗೂ ಗಡ್ಡ ತೆಗೀಬೇಡಿ. ನೋಡೋರಿಗೆ ಗುರುತೇ ಸಿಗಲ್ಲ."

"ದೇವರಿಗೆ ಕೊಟ್ಟ ಮಾತಮ್ಮಾ," ಎಂದೆ. ಆದರೂ ದಾಕ್ಷಿಣ್ಯಕ್ಕೆ ಕಾದೆ. ಅವರು ಬರಲಿಲ್ಲ.

"ಮಾದಪ್ಪ ಕಾಯ್ತಾ ಕೂತವ್ನೆ, ನಿಮಗೆ ಸಿನಿಮಾ ಚಿಂತೆ!" ಎಂದು ಹೆಂಡತಿ ದಿನವೂ ಚುಚ್ಚುತ್ತಿದ್ದಳು. ಕೊನೆಗೆ ನನಗೂ ಭಯವಾಗಿ, ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದೆ.

ಮರುವಾರವೇ ಮೇಡಂ ಕ್ಯಾಮೆರಾ ಸಮೇತ ಬಂದು, ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯೋ ಅಂಕಲ್, ಹೋದ ಸಲಕ್ಕಿಂತ ಚಿಕ್ಕೋರಾಗಿ ಕಾಣ್ತಿದ್ದೀರಲ್ಲ! ವಯಸ್ಸಾಗೋದನ್ನ ತೋರಿಸೋಕೆ ತಾನೇ ನಾನು ಇಷ್ಟು ವರ್ಷ ಬಂದಿದ್ದು? ಮತ್ತೆ ಗಡ್ಡ ಬಿಡ್ತೀರಾ?"

"ಅದಕ್ಕೆ ಇನ್ನೊಂದು ಹರಕೆ ಬೇಕಲ್ಲಮ್ಮಾ."

ಒಳಗಿನಿಂದ ಹೆಂಡತಿ ಕೂಗಿದಳು: "ಹೊತ್ಕೊಳ್ಳಿ, ಮೇಲೊಂದು ಮಹಡಿ ಆಗ್ಲಿ ಅಂತ!"

ಈಗ ಮತ್ತೆ ಬಿಟ್ಟಿದ್ದೇನೆ. ಕೇಳಿದವರಿಗೆಲ್ಲ ನೀವೂ ಒಂದು ಮಾತು ಹೇಳಿಬಿಡಿ: ಇದು ಮಾದಪ್ಪನಿಗಾಗಿ ಬಿಟ್ಟ ಗಡ್ಡ, ಕ್ಯಾಮೆರಾಕ್ಕಲ್ಲ.